ಅಪ್ಪ ಹೊಸ್ತಿಲ ಹತ್ರ ನಿಂತುಬಿಡ್ತಾರೆ, ಆದ್ರೆ ಮೆಟ್ಟಿಲು ಸಲೀಸಾಗಿ ಹತ್ತುತ್ತಾರೆ. ಯಾಕೆ?

ಅರಳಿಕಟ್ಟೆ
ಎಲ್ರಿಗೂ ನಮಸ್ಕಾರ. ನಮ್ಮಪ್ಪಂಗೆ 71 ವರ್ಷ, ಪಾರ್ಕಿನ್ಸನ್ ಅಂತ ಗೊತ್ತಾಗಿ ಆರು ವರ್ಷ ಆಯ್ತು. ಬಲಗೈ ನಡುಕ ಮಾತ್ರೆಯಿಂದ ತಕ್ಕಮಟ್ಟಿಗೆ ಹಿಡಿತದಲ್ಲಿದೆ, ನನ್ನ ಪ್ರಶ್ನೆ ಅದರ ಬಗ್ಗೆ ಅಲ್ಲ. ಒಂದು ವರ್ಷದಿಂದ ಹೊಸದೊಂದು ಶುರುವಾಗಿದೆ. ಹಾಲಿಂದ ಬಚ್ಚಲುಮನೆಗೆ ಹೋಗೋ ಬಾಗಿಲ ಹತ್ರ ಬಂದ ತಕ್ಷಣ ಎರಡೂ ಪಾದ ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡ್ತಾರೆ. ಮೇಲಿನ ಮೈ ಮುಂದಕ್ಕೆ ವಾಲುತ್ತೆ, ಮಂಡಿ ಗಡಗಡ ಅನ್ನುತ್ತೆ, ಕಾಲು ಮಾತ್ರ ಏಳಲ್ಲ. ಎರಡು ಸಲ ಬಿದ್ದಿದ್ದಾರೆ.

ವಿಚಿತ್ರ ಏನಂದ್ರೆ ಅದೇ ಮನುಷ್ಯ ಟೆರೇಸಿಗೆ ಹೋಗೋ 18 ಮೆಟ್ಟಿಲನ್ನ ಯಾರ ಕೈನೂ ಹಿಡೀದೆ ಹತ್ತುತ್ತಾರೆ. ಇದನ್ನ ನೋಡಿದ ನೆಂಟರು "ಏನಪ್ಪ ನಿಮ್ಮಪ್ಪ ಮನಸ್ಸು ಮಾಡಿದ್ರೆ ಆಗುತ್ತೆ, ಸುಮ್ನೆ ನಾಟಕ" ಅಂತ ನನ್ನ ಮುಂದೇನೇ ಅಂದ್ರು. ಡಾಕ್ಟ್ರ ಹತ್ರ ಕರ್ಕೊಂಡು ಹೋದ್ರೆ ಐದು ನಿಮಿಷ, ಮಾತ್ರೆ ಅರ್ಧ ಜಾಸ್ತಿ ಮಾಡಿದ್ರು, ನಂಗೆ ಕೇಳೋಕೆ ಬಾಯೇ ಬರ್ಲಿಲ್ಲ. ಕಾಲಲ್ಲಿ ಶಕ್ತಿ ಇದೆ, ನರ ಸರಿಯಾಗಿದೆ, ಮತ್ತೆ ಸಪಾಟು ನೆಲದಲ್ಲಿ ಯಾಕೆ ಸಿಕ್ಕಿಹಾಕ್ಕೊಳ್ತಾರೆ? ಮೆದುಳು ಕಾಲಿಗೆ ಆರ್ಡರ್ ಕಳ್ಸೋದು ಹೇಗೆ ಅಂತ ಯಾರಾದ್ರೂ ನನ್ನಂಥ ಕಾಮರ್ಸ್ ಓದಿದವನಿಗೆ ಅರ್ಥ ಆಗೋ ಹಾಗೆ ಹೇಳ್ತೀರಾ? ಅಪ್ಪ ರಿಟೈರ್ಡ್ ಬಸ್ ಕಂಡಕ್ಟರ್, ಮೂವತ್ತು ವರ್ಷ ಓಡೋ ಬಸ್ಸಲ್ಲಿ ನಿಂತ್ಕೊಂಡೇ ಟಿಕೆಟ್ ಹರ್ದವ್ರು. ಅವ್ರು ಬಾಗಿಲ ಮುಂದೆ ನಿಂತು ನನ್ನ ಮುಖ ನೋಡೋದನ್ನ ನೋಡೋಕಾಗಲ್ಲ.

ಬೆಣ್ಣೆದೋಸೆ
ಸೇಮ್ ನಮ್ಮ ದೊಡ್ಡಪ್ಪ. ಲಿಫ್ಟ್ ಬಾಗಿಲ ಮುಂದೆ. ಅವರು ಒಳಗೆ ಕಾಲಿಡೋ ಹೊತ್ತಿಗೆ ಲಿಫ್ಟು ಮೇಲೆ ಹೋಗಿರುತ್ತೆ. ಉತ್ತರಕ್ಕೆ ಕಾಯ್ತಿದೀನಿ.

ಮಲ್ನಾಡ್ ಫಿಸಿಯೋ
ಅರಳಿಕಟ್ಟೆ ಅವರೇ, ಮೊದಲು ಆ ನೆಂಟರಿಗೆ ಹೇಳಿ, ಇದು ನಾಟಕ ಅಲ್ಲ. ಇದಕ್ಕೆ ಫ್ರೀಜಿಂಗ್ ಅಂತಾರೆ, ಪಾರ್ಕಿನ್ಸನ್ ಇರೋರಲ್ಲಿ ತುಂಬಾ ಜನಕ್ಕೆ ವರ್ಷ ಕಳೀತಾ ಬರುತ್ತೆ. ಬಾಗಿಲು, ಇಕ್ಕಟ್ಟು ಜಾಗ, ತಿರುಗೋ ಕಡೆ, ಅವಸರ ಮಾಡಿದಾಗ, ನಡೀತಾ ಮಾತಾಡಿಸಿದಾಗ ಜಾಸ್ತಿ. ನಾನು ದಿನಾ ನೋಡ್ತೀನಿ.

ನಿಮ್ಮಪ್ಪ ಕಂಡಕ್ಟರ್ ಅಂದ್ರಲ್ಲ, ಹಾಗಾದ್ರೆ ಬಸ್ಸಿನ ಲೆಕ್ಕದಲ್ಲೇ ಹೇಳ್ತೀನಿ. ಸ್ಟಾಪಲ್ಲಿ ನಿಂತಿರೋ ಬಸ್ಸಿಗೆ ಇಂಜಿನ್ ಆನ್ ಇದೆ, ಡೀಸೆಲ್ ಇದೆ, ಟೈರು ಚೆನ್ನಾಗಿದೆ, ಡ್ರೈವರ್ ಗೇರ್ ಹಾಕ್ಕೊಂಡು ಕೂತಿದ್ದಾನೆ, ಆದ್ರೂ ಹೊರಡಲ್ಲ, ಯಾಕೆ? ಹಿಂದಿಂದ "ರೈಟ್ ರೈಟ್" ಬಂದಿಲ್ಲ. ಮೆದುಳಿನ ಒಳಗಡೆ ಆಳದಲ್ಲಿ ಬೇಸಲ್ ಗ್ಯಾಂಗ್ಲಿಯಾ ಅಂತ ಒಂದಷ್ಟು ಗಂಟುಗಳಿವೆ, ಅವುಗಳ ಕೆಲಸ ಸುಮಾರಾಗಿ ಇದೇ. ಸುಮ್ನೆ ಇರೋ ಹೊತ್ತಲ್ಲಿ ಅವು ಎಲ್ಲಾ ಚಲನೆಗೂ ಬ್ರೇಕ್ ಒತ್ತಿ ಹಿಡ್ಕೊಂಡಿರ್ತವೆ, ಬೇಕಾದ ಒಂದು ಚಲನೆಗೆ ಮಾತ್ರ ಬ್ರೇಕ್ ಬಿಡ್ತವೆ. ಬಿಡು ಅಂತ ಹೇಳೋಕೆ ಡೋಪಮೈನ್ ಅನ್ನೋ ರಸಾಯನ ಬೇಕು. ಅದನ್ನ ತಯಾರು ಮಾಡೋ ಜೀವಕೋಶಗಳು ಮೆದುಳಿನ ಬುಡದಲ್ಲಿ ಒಂದು ಕಪ್ಪು ಪಟ್ಟಿ ಥರ ಇರ್ತವೆ, ಪಾರ್ಕಿನ್ಸನ್‌ನಲ್ಲಿ ಸಾಯೋದು ಅವೇ. ಕೈ ನಡುಗೋಕೆ ಶುರುವಾಗೋ ಹೊತ್ತಿಗೆ ಸುಮಾರು ಅರ್ಧದಷ್ಟಾದ್ರೂ ಹೋಗಿಬಿಟ್ಟಿರ್ತವೆ.

ಈಗ ಮೆಟ್ಟಿಲ ವಿಷಯ. ಸಪಾಟು ನೆಲದಲ್ಲಿ ನಾವು ನಡೆಯೋವಾಗ "ಎಡಗಾಲು ಎತ್ತು, ಇಡು" ಅಂತ ಯೋಚನೆ ಮಾಡ್ತೀವಾ? ಇಲ್ಲ. ಅಭ್ಯಾಸದ ದಾರಿ ಅದು, ಒಂದಾದ ಮೇಲೆ ಒಂದು ಹೆಜ್ಜೆಗೆ ಒಳಗಿಂದಲೇ ರೈಟ್ ರೈಟ್ ಬರ್ತಿರುತ್ತೆ, ಆ ಕಂಡಕ್ಟರ್ರೇ ಬೇಸಲ್ ಗ್ಯಾಂಗ್ಲಿಯಾ. ಮೆಟ್ಟಿಲಲ್ಲಿ ಹಾಗಲ್ಲ, ಪ್ರತಿ ಮೆಟ್ಟಿಲ ಅಂಚೂ ಕಣ್ಣಿಗೆ ಕಾಣುತ್ತೆ, ಕಾಲು ಎಲ್ಲಿ ಇಡಬೇಕು ಅಂತ ಕಣ್ಣೇ ಹೇಳುತ್ತೆ. ಕಣ್ಣಿಂದ ಬರೋ ಸುದ್ದಿ ಮೆದುಳಿನ ಹಿಂಭಾಗದಿಂದ ಮೇಲ್ಭಾಗಕ್ಕೆ ಬಂದು, ಕಿರುಮೆದುಳಿನ ಸಹಾಯ ತಗೊಂಡು, ಚಲನೆಯ ಭಾಗವನ್ನ ಇನ್ನೊಂದು ದಾರಿಲಿ ಮುಟ್ಟುತ್ತೆ. ಕೆಟ್ಟಿರೋ ದಾರಿನ ಬಹುಪಾಲು ಬೈಪಾಸ್ ಮಾಡಿಬಿಡುತ್ತೆ. ಅದಕ್ಕೇ 18 ಮೆಟ್ಟಿಲು ಸಲೀಸು, ಬರೀ ಟೈಲ್ಸ್ ನೆಲ ಕಷ್ಟ.

ನೀವು ಇವತ್ತೇ ಮಾಡ್ಬೋದಾದ್ದು: ಬಚ್ಚಲ ಬಾಗಿಲ ಈಚೆ ಒಂದೊಂದು ಹೆಜ್ಜೆ ದೂರಕ್ಕೆ, ಅಂದ್ರೆ ಅವರ ಹೆಜ್ಜೆ ಅಳತೆಗೆ, ನೆಲದ ಬಣ್ಣಕ್ಕೆ ಎದ್ದು ಕಾಣೋ ಟೇಪನ್ನ ಅಡ್ಡಡ್ಡ ಅಂಟಿಸಿ, ಬಾಗಿಲು ದಾಟಿ ಒಳಗಡೆಗೂ ಎರಡು. ಅವರಿಗೆ "ನಡೀರಿ" ಅನ್ಬೇಡಿ, "ಗೆರೆ ದಾಟಿ" ಅನ್ನಿ. ಸಿಕ್ಕಿಕೊಂಡಾಗ ಕೈ ಹಿಡಿದು ಎಳೀಲೇಬೇಡಿ, ಮೇಲಿನ ಮೈ ಬರುತ್ತೆ ಕಾಲು ಬರಲ್ಲ, ಬೀಳ್ತಾರೆ.

ಅರಳಿಕಟ್ಟೆ
ಸಾರ್ ನೀವು ಬರೆದಿದ್ದನ್ನ ಅಪ್ಪಂಗೆ ಓದಿ ಹೇಳ್ದೆ. "ರೈಟ್ ಹೇಳೋನೇ ಡ್ಯೂಟಿಗೆ ಬಂದಿಲ್ಲ ಅನ್ನು" ಅಂದ್ರು. ತುಂಬಾ ದಿನ ಆದ್ಮೇಲೆ ನಕ್ಕರು. ಟೇಪ್ ನಾಳೆ ತರ್ತೀನಿ.

ಆದ್ರೆ ಕಂಡಕ್ಟರ್ ಆಯ್ತು, ಡ್ರೈವರ್ ಯಾರು? ಮೆದುಳಿಂದ ಕಾಲವರೆಗೂ ವೈರಿಂಗ್ ಹೇಗಿದೆ?

ರಾತ್ರಿ ಡ್ಯೂಟಿ
ಮೆಡಿಕಲ್ ಪಿಜಿ ಮಾಡ್ತಿದೀನಿ, ಈಗ ವಾರ್ಡು ಸ್ವಲ್ಪ ತಣ್ಣಗಿದೆ, ಟೈಪ್ ಮಾಡ್ತೀನಿ, ಮಧ್ಯ ಎದ್ದು ಹೋದ್ರೆ ಬೈಕೋಬೇಡಿ.

ಕಿವಿಯಿಂದ ಕಿವಿಗೆ ಹೇರ್‌ಬ್ಯಾಂಡ್ ಹಾಕ್ಕೊಂಡ್ರೆ ಎಲ್ಲಿ ಬರುತ್ತೋ ಹೆಚ್ಚುಕಮ್ಮಿ ಅದರ ಕೆಳಗೆ ಮೆದುಳಲ್ಲಿ ಒಂದು ಪಟ್ಟಿ ಇದೆ, ಮೋಟಾರ್ ಕಾರ್ಟೆಕ್ಸ್, ಚಲನೆಯ ಆರ್ಡರ್ ಹೊರಡೋ ಜಾಗ. 1870ರಲ್ಲಿ ಬರ್ಲಿನ್‌ನಲ್ಲಿ ಫ್ರಿಚ್ ಮತ್ತು ಹಿಟ್ಸಿಗ್ ಅನ್ನೋ ಇಬ್ಬರು ನಾಯಿ ಮೆದುಳಿನ ಆ ಜಾಗಕ್ಕೆ ಸಣ್ಣದಾಗಿ ಕರೆಂಟ್ ಕೊಟ್ಟು ನೋಡಿದ್ರು, ಎದುರುಬದಿ ಕಾಲು ಎಗರ್ತು. ಆಮೇಲೆ ಕೆನಡಾದ ಪೆನ್‌ಫೀಲ್ಡ್ ಎಚ್ಚರ ಇರೋ ರೋಗಿಗಳ ಮೆದುಳು ಆಪರೇಷನ್ ಮಾಡೋವಾಗ ಹಾಗೇ ಸಣ್ಣ ಕರೆಂಟ್ ಮುಟ್ಟಿಸಿ ಮುಟ್ಟಿಸಿ ನಕ್ಷೆ ಮಾಡಿದ್ರು. ಆ ನಕ್ಷೆಲಿ ಮೈಯ ಅಳತೆಗೂ ಜಾಗದ ಅಳತೆಗೂ ಸಂಬಂಧಾನೇ ಇಲ್ಲ. ಇಡೀ ಬೆನ್ನಿಗೆ ಚೂರು ಜಾಗ, ಹೆಬ್ಬೆರಳು, ತುಟಿ, ನಾಲಿಗೆಗೆ ಎಕರೆಗಟ್ಲೆ. ಹೂ ಕಟ್ಟೋ ಬೆರಳಿಗೆ ಬೇಕಾದ ಲೆಕ್ಕಾಚಾರ ಬೆನ್ನಿಗೆ ಬೇಡವಲ್ಲ.

ಅಲ್ಲಿಂದ ಹೊರಟ ಎಳೆಗಳು ಕೆಳಗಿಳೀತಾ ಮೆದುಳಿನ ಕಾಂಡದ ತುದಿಲಿ ನೂರಕ್ಕೆ ಸುಮಾರು 85ರಿಂದ 90ರಷ್ಟು ಆ ಕಡೆಯಿಂದ ಈ ಕಡೆಗೆ ದಾಟ್ತವೆ. ಎಡ ಮೆದುಳಲ್ಲಿ ರಕ್ತನಾಳ ಕಟ್ಟಿಕೊಂಡ್ರೆ ಬಲಗೈ ಬಲಗಾಲಿಗೆ ಲಕ್ವ ಹೊಡೆಯೋದು ಅದಕ್ಕೇ. ಕಾಲಿನ ಎಳೆಗಳು ಬೆನ್ನುಹುರಿಲಿ ಸೊಂಟದ ಮಟ್ಟಕ್ಕೆ ಇಳಿದು ಅಲ್ಲಿ ಇನ್ನೊಂದು ನರಕೋಶಕ್ಕೆ ಸುದ್ದಿ ದಾಟಿಸ್ತವೆ. ಅದೇ ಡ್ರೈವರ್ ಅಂದ್ಕೊಳಿ, ಮೇಲಿಂದ ಯಾರು ಏನೇ ಹೇಳ್ಲಿ ಕೊನೆಗೆ ಸ್ನಾಯುವನ್ನ ಅಲ್ಲಾಡಿಸೋಕೆ ಆ ಒಂದು ಕೋಶದ ಮೂಲಕವೇ ಹೋಗಬೇಕು, ಬೇರೆ ದಾರಿ ಇಲ್ಲ. ಅದರ ಬಾಲ ಬೆನ್ನಿಂದ ಹೊರಟು ಪಾದದವರೆಗೂ, ಹತ್ರಹತ್ರ ಒಂದು ಮೀಟರ್ ಉದ್ದ, ಒಂದೇ ಜೀವಕೋಶ! ತಲೆಯಿಂದ ಪಾದಕ್ಕೆ ಸುದ್ದಿ ಮುಟ್ಟೋಕೆ ಸುಮಾರು 40 ಮಿಲಿಸೆಕೆಂಡ್ ಸಾಕು.

ಒಂದು ಕೋಶ ಎಷ್ಟು ಸ್ನಾಯು ಎಳೆಗಳನ್ನ ನೋಡ್ಕೊಳುತ್ತೆ ಅನ್ನೋದೂ ಮಜಾ ಇದೆ. ಕಣ್ಣುಗುಡ್ಡೆ ಹೊರಳಿಸೋ ಸ್ನಾಯುಲಿ ಒಂದು ಕೋಶಕ್ಕೆ ಹತ್ತು ಹದಿನೈದು ಎಳೆ, ಮೀನಖಂಡದಲ್ಲಿ ಒಂದಕ್ಕೇ ಸಾವಿರಕ್ಕೂ ಮೇಲೆ. ಕಣ್ಣು ಕೂದಲೆಳೆಯಷ್ಟು ಹೊರಳಬೇಕು, ಮೀನಖಂಡ ಮೈಭಾರ ಎತ್ತಿದ್ರೆ ಆಯ್ತು.

ನರ ಸ್ನಾಯುವನ್ನ ಸೇರೋ ಕಡೆ ವೈರ್ ಜಾಯಿಂಟ್ ಇಲ್ಲ, ಮಧ್ಯ ಸಣ್ಣ ಸಂದು. ಆ ಸಂದಿಗೆ ನರದ ತುದಿ ಅಸಿಟೈಲ್‌ಕೋಲಿನ್ ಅನ್ನೋ ರಸಾಯನ ಉಗಿಯುತ್ತೆ, ಸ್ನಾಯು ಮೇಲಿನ ಬೀಗಕ್ಕೆ ಆ ಕೀಲಿ ಬಿತ್ತು ಅಂದ್ರೆ ಒಳಗಡೆ ಕ್ಯಾಲ್ಸಿಯಂ ಬಿಡುಗಡೆ ಆಗುತ್ತೆ, ಆಗ ಮಯೋಸಿನ್ ಅನ್ನೋ ಎಳೆಗಳು ಆಕ್ಟಿನ್ ಅನ್ನೋ ಎಳೆಗಳನ್ನ ಹಗ್ಗ ಜಗ್ಗೋ ಥರ ಕೈ ಬದಲಿಸಿ ಬದಲಿಸಿ ಎಳೀತವೆ, ಸ್ನಾಯು ಗಿಡ್ಡ ಆಗುತ್ತೆ. ಹಿಡಿದ ಹಗ್ಗ ಬಿಡೋಕೂ ಶಕ್ತಿ ಬೇಕು ಅನ್ನೋದು ನಂಗೆ ಫಸ್ಟ್ ಇಯರ್‌ನಲ್ಲಿ ಓದಿದಾಗ ತಲೆಗೇ ಹೋಗಿರ್ಲಿಲ್ಲ. ಸತ್ತ ಮೇಲೆ ಹೆಣ ಸೆಟೆದುಕೊಳ್ಳುತ್ತಲ್ಲ, ಕಾರಣ ಅದೇ, ಶಕ್ತಿ ಖಾಲಿ ಆಗಿ ಹಿಡಿದ ಕೈ ಬಿಡಿಸ್ಕೊಳ್ಳೋಕೆ ಆಗಲ್ಲ.

ಎಮರ್ಜೆನ್ಸಿಯಿಂದ ಕರೀತಿದಾರೆ, ಬರ್ತೀನಿ.

ನೇರನುಡಿ
ಎಲ್ಲಾ ಸರಿ ಸ್ವಾಮಿ, ಆದ್ರೆ ನಮ್ಮ ಮಾವನೂ ಹೀಗೇ, ಮನೆಲಿ ಸೊಸೆ ಕರೆದ್ರೆ ಕಾಲು ಏಳಲ್ಲ, ಡಾಕ್ಟ್ರ ರೂಮಲ್ಲಿ ಸಿಪಾಯಿ ಥರ ನಡೀತಾರೆ. ಇದಕ್ಕೆ ಏನಂತೀರಾ?

ಮಲ್ನಾಡ್ ಫಿಸಿಯೋ
ಅದಕ್ಕೂ ಅದೇ ಉತ್ತರ ಅಂತೀನಿ. ಡಾಕ್ಟ್ರ ಎದುರು ನಡೆಯೋವಾಗ ಅವರ ಗಮನ ಪೂರ್ತಿ ನಡಿಗೆ ಮೇಲೆ ಇರುತ್ತೆ, ಒಂದೊಂದು ಹೆಜ್ಜೆನೂ ಬೇಕಂತ ಇಡ್ತಾರೆ, ಅಂದ್ರೆ ಅಭ್ಯಾಸದ ದಾರಿ ಬಿಟ್ಟು ಇನ್ನೊಂದು ದಾರಿ ಹಿಡೀತಾರೆ. ಮನೆಲಿ ಸೊಸೆ ಅಡುಗೆಮನೆಯಿಂದ ಕೂಗಿ ಮಾತಾಡಿಸ್ತಾ ಬೇಗ ಬನ್ನಿ ಅಂದ್ರೆ ಗಮನ ಒಡೆದುಹೋಗುತ್ತೆ, ಸಿಕ್ಕಿಬೀಳ್ತಾರೆ. ಬೇಜಾರು ಏನಂದ್ರೆ ಈ ಕಾರಣಕ್ಕೇ ಎಷ್ಟೋ ಡಾಕ್ಟ್ರಿಗೆ ಈ ತೊಂದರೆ ಕಣ್ಣಿಗೇ ಬೀಳಲ್ಲ. ಮೊಬೈಲಲ್ಲಿ ಮನೆ ಬಾಗಿಲ ಹತ್ರದ ಒಂದು ನಿಮಿಷದ ವಿಡಿಯೋ ಮಾಡ್ಕೊಂಡು ಹೋಗಿ ತೋರ್ಸಿ, ಐದು ನಿಮಿಷದ ಕನ್ಸಲ್ಟೇಷನ್‌ಗೆ ಅದಕ್ಕಿಂತ ಒಳ್ಳೆ ಉಪಾಯ ಇಲ್ಲ.

ಇನ್ನೂ ನಂಬಿಕೆ ಬರದಿದ್ರೆ, 2010ರಲ್ಲಿ ನೆದರ್ಲೆಂಡ್ಸ್ ವೈದ್ಯರು ಒಂದು ಕೇಸ್ ಪ್ರಕಟ ಮಾಡಿದ್ರು. 58 ವರ್ಷದ ಮನುಷ್ಯ, ಹತ್ತು ವರ್ಷದಿಂದ ಪಾರ್ಕಿನ್ಸನ್, ನಾಲ್ಕು ಹೆಜ್ಜೆ ಇಡೋಕೆ ಒಬ್ಬರು ಹಿಡ್ಕೋಬೇಕು, ಆದ್ರೂ ಬೀಳ್ತಾರೆ. ಅವರನ್ನ ಸೈಕಲ್ ಮೇಲೆ ಕೂರಿಸಿ ಬಿಟ್ರೆ ಆರಾಮಾಗಿ ತುಳ್ಕೊಂಡು ಹೋಗಿ ತಿರುಗಿಸ್ಕೊಂಡು ಬಂದ್ರು, ಇಳಿದ ತಕ್ಷಣ ಮತ್ತೆ ಫ್ರೀಜ್. ಪೆಡಲ್ ತಿರುಗೋ ತಾಳವೇ ಕಾಲಿಗೆ ಸೂಚನೆ ಕೊಡ್ತಿರಬೇಕು ಅನ್ನೋದು ಒಂದು ವಿವರಣೆ. (ನಮ್ಮ ರೋಡಲ್ಲಿ ಯಾರೂ ಟ್ರೈ ಮಾಡ್ಬೇಡಿ.)

ಜೋಳದರೊಟ್ಟಿ
ರಾತ್ರಿ ಡ್ಯೂಟಿ ಅವರು ಆ ಸಂದಿನ ಬಗ್ಗೆ ಬರದದ್ದು ಓದಿ ನನಗ ನೆನಪಾಗಿದ್ದು ನಮ್ಮೂರಾಗ ಹತ್ತಿಗೆ ಎಣ್ಣಿ, ಅಂದ್ರ ಹುಳದ ಔಷಧ, ಹೊಡಿಯೋ ಸೀಜನ್ನು. ನಮ್ಮ ಕಾಕಾ ಒಮ್ಮೆ ಗಾಳಿ ಎದುರಾಗೇ ಪಂಪ್ ಹೊತ್ಕೊಂಡು ಮಧ್ಯಾಹ್ನತನಕ ಹೊಡದು ಬಂದು ಕಟ್ಟಿ ಮ್ಯಾಲೆ ಕುಂತ್ರು, ಬಾಯಾಗ ಜೊಲ್ಲು, ಕಣ್ಣಾಗ ನೀರು, ಕಣ್ಣ ಪಾಪಿ ಸೂಜಿ ಮೊನಿ ಆಗಿತ್ತು, ತೋಳಿನ ಮಾಂಸ ಒಳಗ ಹುಳ ಹರದಾಡಿದಂಗ ಪಟಪಟ ಪಟಪಟ ಹಾರತಿತ್ತು. ನಾನು ಆಗ ಸಣ್ಣಾಂವ, ಅದನ್ನ ನೋಡಿದ್ದು ಇನ್ನೂ ಮರ್ತಿಲ್ಲ. ದವಾಖಾನ್ಯಾಗ ಇಂಜೆಕ್ಷನ್ ಮ್ಯಾಲೆ ಇಂಜೆಕ್ಷನ್ ಕೊಟ್ರು, ಮಿಷನ್ ಹಾಕಿ ಆರು ದಿನ ಉಸಿರಾಡಿಸಿದ್ರು, ಉಳಕೊಂಡ್ರು. ಅದೂ ಈ ನರದ ಸಂದಿಂದೇ ಏನ್ರಿ?

ರಾತ್ರಿ ಡ್ಯೂಟಿ
ಪಕ್ಕಾ ಅದೇ ಸಂದಿಂದು. ಉಗಿದ ಅಸಿಟೈಲ್‌ಕೋಲಿನ್ ಅಲ್ಲೇ ಕೂತಿರಬಾರದು, ಕೂತ್ರೆ ಸ್ನಾಯು ಬಿಡೋದೇ ಇಲ್ಲ. ಅದಕ್ಕೇ ಅಲ್ಲೇ ಒಂದು ಕಿಣ್ವ ಕಾದಿರುತ್ತೆ, ಮಿಲಿಸೆಕೆಂಡ್ ಲೆಕ್ಕದಲ್ಲಿ ಅದನ್ನ ಕತ್ತರಿಸಿ ಹಾಕುತ್ತೆ. ಆರ್ಗನೋಫಾಸ್ಫೇಟ್ ಜಾತಿ ಕೀಟನಾಶಕಗಳು ಆ ಕಿಣ್ವವನ್ನೇ ಕಟ್ಟಿಹಾಕ್ತವೆ. ಹುಳಕ್ಕೂ ಮನುಷ್ಯನಿಗೂ ಆ ಕಿಣ್ವ ಒಂದೇ ಥರ, ಅಲ್ಲೇ ಎಡವಟ್ಟು. ಮೊದಲು ಸ್ನಾಯುಗಳು ಸಿಕ್ಕಾಪಟ್ಟೆ ಹಾರ್ತವೆ, ಆಮೇಲೆ ಸೋತು ಸುಮ್ಮನಾಗ್ತವೆ, ಆ ಸುಮ್ಮನಾಗೋದೇ ಅಪಾಯ, ಉಸಿರಾಟನೂ ಸ್ನಾಯುಗಳದ್ದೇ ಕೆಲಸ ತಾನೇ. ನಿಮ್ಮ ಕಾಕಾಗೆ ಮೇಲಿಂದ ಮೇಲೆ ಕೊಟ್ಟಿದ್ದು ಅಟ್ರೋಪಿನ್ ಇರಬೇಕು. ಅದು ಜೊಲ್ಲು, ಎದೆಯಲ್ಲಿ ತುಂಬೋ ನೀರು ಇವನ್ನ ಒಣಗಿಸುತ್ತೆ, ಹಾರ್ಟ್ ರೇಟ್ ಏರಿಸುತ್ತೆ, ಆದ್ರೆ ಕೈಕಾಲಿನ, ಉಸಿರಾಟದ ಸ್ನಾಯುಗಳ ಬೀಗ ಬೇರೆ ಥರದ್ದು, ಅಲ್ಲಿ ಅಟ್ರೋಪಿನ್ ಏನೂ ಮಾಡಲ್ಲ. ಆರು ದಿನ ವೆಂಟಿಲೇಟರ್ ಬೇಕಾಗಿದ್ದು ಅದಕ್ಕೇ.

ಹಾವಿನ ವಿಷಾನೂ ಇದೇ ಸಂದಿಗೆ ಬರುತ್ತೆ. ನಾಗರಹಾವಿನ ವಿಷ ಸ್ನಾಯು ಕಡೆಯ ಬೀಗಕ್ಕೆ ಸುಳ್ಳು ಕೀಲಿ ಹಾಕಿ ಮುಚ್ಚುತ್ತೆ. ಕಟ್ಟು ಹಾವಿಂದು ಇನ್ನೂ ಕೆಟ್ಟದ್ದು, ನರದ ತುದಿಯನ್ನೇ ಹಾಳು ಮಾಡುತ್ತೆ, ಆ ತುದಿ ರಿಪೇರಿ ಆಗಿ ಮತ್ತೆ ಕೆಲಸ ಶುರು ಮಾಡೋಕೆ ದಿನಗಟ್ಟಲೆ ಬೇಕು. ನೆಲದ ಮೇಲೆ ಮಲಗಿದ್ದವರಿಗೆ ರಾತ್ರಿ ಕಚ್ಚಿ ಹೋಗಿರುತ್ತೆ, ಕಚ್ಚಿದ ಜಾಗದಲ್ಲಿ ಹೆಚ್ಚಾಗಿ ನೋವು ಊತ ಇರಲ್ಲ, ಬೆಳಗ್ಗೆ ಎದ್ದು ಹೊಟ್ಟೆನೋವು ಅಂತಾರೆ, ರೆಪ್ಪೆ ಎತ್ತೋಕಾಗಲ್ಲ. ನಿದ್ದೆ ಮಂಪರು ಅಂದ್ಕೊಂಡು ಮನೆಯವರು ಮತ್ತೆ ಮಲಗಿಸಿದ ಕೇಸು ನೋಡಿದೀನಿ. ಬೆಳಗ್ಗೆ ಎದ್ದೋರ ಎರಡೂ ರೆಪ್ಪೆ ಜೋತುಬಿದ್ದಿದ್ರೆ ದಯವಿಟ್ಟು ಮಂತ್ರ ಹಾಕ್ಸೋಕೆ ಹೋಗ್ಬೇಡಿ, ವೆಂಟಿಲೇಟರ್ ಇರೋ ಆಸ್ಪತ್ರೆಗೆ ಓಡಿ.

ಹಿತ್ತಲಗಿಡ
ಅರಳಿಕಟ್ಟೆ ಅವರಿಗೆ ಒಂದು ಸಲಹೆ. ನಸುಗುನ್ನಿ ಬೀಜದ ಪುಡಿ. ನಮ್ಮ ಆಯುರ್ವೇದದಲ್ಲಿ ಕಂಪವಾತಕ್ಕೆ ಹಿಂದಿನಿಂದಲೂ ಇದೆ. ಇಂಗ್ಲಿಷ್ ಮಾತ್ರೆ ನಿಲ್ಲಿಸಿ ಮೂರು ತಿಂಗಳು ಇದನ್ನ ಹಾಲಲ್ಲಿ ಕೊಡಿ, ಸೈಡ್ ಎಫೆಕ್ಟ್ ಇಲ್ಲ.

ರಾತ್ರಿ ಡ್ಯೂಟಿ
ಅರ್ಧ ನಿಜ ಹೇಳಿದೀರಿ, ಇನ್ನರ್ಧ ಡೇಂಜರ್. ನಸುಗುನ್ನಿಲಿ ಲೆವೊಡೋಪಾ (ಮೆದುಳಲ್ಲಿ ಡೋಪಮೈನ್ ಆಗಿ ಬದಲಾಗೋ ವಸ್ತು) ಇರೋದು ನಿಜ, 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಅನ್ನೋ ನಮ್ಮ ದೇಶದ ವಿಜ್ಞಾನಿಗಳೇ ಬೀಜದಿಂದ ಅದನ್ನ ಬೇರ್ಪಡಿಸಿ ತೋರಿಸಿದ್ರು, ಇನ್ನೂ ಅದು ಪಾರ್ಕಿನ್ಸನ್‌ಗೆ ಮದ್ದು ಅಂತ ಡಾಕ್ಟ್ರುಗಳಿಗೆ ಗೊತ್ತಾಗೋಕೆ ಇಪ್ಪತ್ತು ವರ್ಷದ ಮೇಲೆ ಬಾಕಿ ಇತ್ತು. ಆದ್ರೆ ಅವರಪ್ಪ ಈಗ ತಗೊಳ್ತಿರೋ ಮಾತ್ರೆಲಿ ಇರೋದೂ ಅದೇ ಲೆವೊಡೋಪಾ, ಜೊತೆಗೆ ಕಾರ್ಬಿಡೋಪಾ, ಅದು ಮದ್ದು ಮೆದುಳು ಮುಟ್ಟೋಕೆ ಮುಂಚೆ ಮೈಯಲ್ಲೇ ಖರ್ಚಾಗಿ ಹೋಗದ ಹಾಗೆ ಕಾಯುತ್ತೆ, ವಾಕರಿಕೆನೂ ಕಮ್ಮಿ ಮಾಡುತ್ತೆ. ಪುಡಿಲಿ ಎಷ್ಟಿದೆ ಅಂತ ಡಬ್ಬದಿಂದ ಡಬ್ಬಕ್ಕೆ ಬೇರೆ. ಮಾತ್ರೆ ಮೇಲೆ ಅದನ್ನೂ ಕೊಟ್ರೆ ಓವರ್‌ಡೋಸ್ ಆಗಿ ಮೈಯೆಲ್ಲ ಹಾವಿನ ಥರ ಹೊರಳಾಡೋಕೆ ಶುರುವಾಗಬಹುದು, ಮಾತ್ರೆ ಒಮ್ಮೆಲೇ ನಿಲ್ಲಿಸಿದ್ರೆ ಜ್ವರ ಬಂದು ಮೈ ಸೆಟೆದು ಐಸಿಯು ಸೇರಬೇಕಾಗಬಹುದು. ನಿಲ್ಲಿಸಿ ಅಂತ ಮಾತ್ರ ಯಾರಿಗೂ ಹೇಳ್ಬೇಡಿ ಪ್ಲೀಸ್.

ಹಿತ್ತಲಗಿಡ
ನಿಲ್ಲಿಸಿ ಅಂದಿದ್ದು ತಪ್ಪು, ಒಪ್ಕೊಂಡೆ. ಮದ್ದು ಹಿತ್ತಲಲ್ಲೇ ಇತ್ತು ಅನ್ನೋದಂತೂ ಸುಳ್ಳಲ್ಲ.

ಅರಳಿಕಟ್ಟೆ
ಸೈಡ್ ಟ್ರ್ಯಾಕ್ ಆದ್ರೂ ಕೇಳ್ತೀನಿ, ಅಪ್ಪ ಆ ಲೆವೊಡೋಪಾ ಮಾತ್ರೆನ (ಸಿಂಡೋಪಾ) ಬೆಳಗ್ಗೆ ತಿಂಡಿ ಆದ್ಮೇಲೆ ಹಾಲಿನ ಜೊತೆ ತಗೊಳ್ತಾರೆ. ಪರವಾಗಿಲ್ವಾ?

ಮಲ್ನಾಡ್ ಫಿಸಿಯೋ
ನಿಮ್ಮ ಡಾಕ್ಟ್ರನ್ನ ಕೇಳಿ, ಆದ್ರೆ ಸಾಮಾನ್ಯವಾಗಿ ಹೇಳೋದು ಊಟ ತಿಂಡಿಗೆ ಅರ್ಧ ಗಂಟೆ ಮುಂಚೆ ನೀರಲ್ಲಿ. ಲೆವೊಡೋಪಾ ಕರುಳಲ್ಲಿ ಒಳಗೆ ಹೋಗೋ ಬಾಗಿಲೂ ಪ್ರೋಟೀನ್ ಅಂಶ ಹೋಗೋ ಬಾಗಿಲೂ ಒಂದೇ, ಹಾಲು, ಮೊಟ್ಟೆ, ಬೇಳೆ ಜೊತೆ ಕ್ಯೂ ನಿಂತ್ರೆ ಮದ್ದು ಹಿಂದೆ ಉಳಿಯುತ್ತೆ. ನೋಡಿ, ಅಲ್ಲೂ ಬಾಗಿಲದ್ದೇ ಸಮಸ್ಯೆ. ಐರನ್ ಮಾತ್ರೆ ತಗೊಳ್ತಿದ್ರೆ ಅದನ್ನೂ ದೂರ ಇಡಿ.

ಸ್ಕ್ವೇರ್ ಕಟ್
ನಂದು ಬೇರೆ ಡೌಟು. ಕಾಮೆಂಟ್ರಿಲಿ "ರಿಫ್ಲೆಕ್ಸ್ ಶಾಟ್" ಅಂತಾರಲ್ಲ, ಅದೂ ಬೆನ್ನುಹುರಿ ಲೆವೆಲ್ಲಲ್ಲೇ ಆಗುತ್ತಾ, ಮೆದುಳಿಗೆ ಹೋಗ್ದೇನೇ?

ರಾತ್ರಿ ಡ್ಯೂಟಿ
ಇಲ್ಲ. ನಿಜವಾದ ರಿಫ್ಲೆಕ್ಸ್ ಅಂದ್ರೆ ಡಾಕ್ಟ್ರು ಮಂಡಿಚಿಪ್ಪಿನ ಕೆಳಗೆ ಸುತ್ತಿಗೆಲಿ ತಟ್ಟಿದಾಗ ಕಾಲು ಝಾಡಿಸುತ್ತಲ್ಲ, ಅದು. ತಟ್ಟಿದಾಗ ತೊಡೆ ಸ್ನಾಯು ಚೂರು ಹಿಗ್ಗುತ್ತೆ, ಸ್ನಾಯು ಒಳಗಿರೋ ಅಳತೆಗಾರ ಎಳೆ ಅದನ್ನ ಬೆನ್ನುಹುರಿಗೆ ಹೇಳುತ್ತೆ, ಅಲ್ಲಿಂದಲೇ ವಾಪಸ್ ಎಳಿ ಅಂತ ಆರ್ಡರ್. ಮಧ್ಯ ಒಂದೇ ಒಂದು ಸಂದು. ಅದೇ ಹೊತ್ತಿಗೆ ತೊಡೆ ಹಿಂಭಾಗದ ಸ್ನಾಯುಗೆ "ನೀನು ಸಡಿಲ ಬಿಡು" ಅಂತ ಇನ್ನೊಂದು ಸುದ್ದಿನೂ ಹೋಗುತ್ತೆ, ಇಲ್ಲಾಂದ್ರೆ ಎರಡೂ ಜಗ್ಗಾಡಿ ಕಾಲು ಮರದ ಕೊರಡಾಗುತ್ತೆ. ಇದನ್ನ ಬಿಡಿಸಿ ಹೇಳಿದ ವಿಜ್ಞಾನಿ ಶೆರಿಂಗ್ಟನ್‌ಗೆ 1932ರಲ್ಲಿ ನೊಬೆಲ್ ಬಂತು.

ಬ್ಯಾಟಿಂಗ್ ಕಥೆ ಬೇರೆ. ಕ್ರೀಸಿಂದ ಕ್ರೀಸಿಗೆ 17.68 ಮೀಟರ್, 140 ಕಿಲೋಮೀಟರ್ ವೇಗದ ಬಾಲು ಅರ್ಧ ಸೆಕೆಂಡ್ ಆಸುಪಾಸಲ್ಲಿ ನಿಮ್ಮ ಮುಂದೆ ಇರುತ್ತೆ. ನೋಡಿ ಕೈ ಅಲ್ಲಾಡಿಸೋಕೇ 0.2 ಸೆಕೆಂಡ್ ಬೇಕು, ಉಳಿದದ್ದರಲ್ಲಿ ಬ್ಯಾಟ್ ಬೀಸಬೇಕು. ಹಾಗಾಗಿ ಒಳ್ಳೆ ಬ್ಯಾಟ್ಸ್‌ಮನ್ ಬಾಲನ್ನ ಮಾತ್ರ ನೋಡಲ್ಲ, ಬೌಲರ್ ಮಣಿಕಟ್ಟು, ಭುಜ ನೋಡಿ ಬಾಲ್ ಬಿಡೋಕೆ ಮುಂಚೆನೇ ಊಹೆ ಮಾಡಿರ್ತಾನೆ. ಅದು ಸಾವಿರಾರು ಗಂಟೆ ನೆಟ್ಸ್‌ನಲ್ಲಿ ಮೆದುಳು ಕಲಿತ ಜೂಜು.

ಕರಾವಳಿ ಕಾಫಿ
ಹಾಗಾದ್ರೆ ಬಿಸಿ ಪಾತ್ರೆ ಮುಟ್ಟಿದಾಗ ಕೈ ಹಿಂದೆ ಬರುವುದು ರಿಫ್ಲೆಕ್ಸ್ ಅಲ್ವಾ? ಮತ್ತೆ ನಮ್ಮ ಅಮ್ಮ ಕುದಿಯುವ ಸಾರಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, ಸಮಾಧಾನದಲ್ಲಿ ಕೆಳಗಿಟ್ಟು, ಆಮೇಲೆ "ಅಯ್ಯೋ ಸುಟ್ಟಿತು" ಹೇಳುದು ಹೇಗೆ?

ರಾತ್ರಿ ಡ್ಯೂಟಿ
ಹಹ್ಹ, ಎಲ್ಲಾ ಅಮ್ಮಂದಿರೂ ಅಷ್ಟೇ. ಕೈ ಹಿಂದೆಳೆಯೋದು ರಿಫ್ಲೆಕ್ಸೇ, ಸುಟ್ಟಿತು ಅಂತ ಮನಸ್ಸಿಗೆ ಗೊತ್ತಾಗೋಕೆ ಮುಂಚೆನೇ ಕೈ ಹೊರಟಿರುತ್ತೆ. ಆದ್ರೆ ಬೆನ್ನುಹುರಿಗೆ ಮೇಲಿಂದ "ತಡಿ" ಅಂತ ಹೇಳೋ ಎಳೆಗಳೂ ಇವೆ. ಪಾತ್ರೆ ಬಿಟ್ರೆ ಸಾರು ಚೆಲ್ಲುತ್ತೆ, ಪಕ್ಕದಲ್ಲಿ ಮಗು ಇದೆ ಅಂತ ಮೆದುಳು ಮೊದಲೇ ಲೆಕ್ಕ ಹಾಕಿದ್ರೆ ರಿಫ್ಲೆಕ್ಸನ್ನ ಅದುಮಿ ಹಿಡಿಯುತ್ತೆ. ಬೆನ್ನುಹುರಿಗೆ ಪೂರ್ತಿ ಪೆಟ್ಟು ಬಿದ್ದು ಮೇಲಿನ ಎಳೆಗಳು ತುಂಡಾದವರಲ್ಲಿ ಕೆಲವು ವಾರ ಆದ್ಮೇಲೆ ರಿಫ್ಲೆಕ್ಸ್‌ಗಳು ಮಿತಿಮೀರಿ ಜೋರಾಗೋದು ಇದೇ ಕಾರಣಕ್ಕೆ, ತಡಿ ಅನ್ನೋರೇ ಇಲ್ಲ. ಕಾಲು ಸ್ವಾಧೀನ ಇಲ್ಲ, ಆದ್ರೂ ಚಾದರ ತಾಗಿದ್ರೆ ಎಗರುತ್ತೆ. ಮನೆಯವರು ಕಾಲು ವಾಪಸ್ ಬಂತು ಅಂತ ಖುಷಿಪಡ್ತಾರೆ, ಅವರಿಗೆ ಅದನ್ನ ಬಿಡಿಸಿ ಹೇಳೋದು ನನ್ನ ಕೆಲಸದಲ್ಲಿ ತುಂಬಾ ಕಷ್ಟದ ಭಾಗ.

ಕರಾವಳಿ ಕಾಫಿ
ಇನ್ನೊಂದು. ನನ್ನ ಅಜ್ಜಿ ಬೇಸಿನ್ ಮುಂದೆ ಬಗ್ಗಿ ಮುಖ ತೊಳೆಯುವಾಗ ಮಾತ್ರ ಮುಗ್ಗರಿಸ್ತಿದ್ರು. ಬೇರೆ ಹೊತ್ತು ಸರಿ. ಕೊನೆಗೆ ಡಾಕ್ಟ್ರು ಬಿ12 ಇಂಜೆಕ್ಷನ್ ಕೊಟ್ಟು ಆರು ತಿಂಗಳಲ್ಲಿ ಸುಮಾರು ಸರಿಯಾಯ್ತು. ವಿಟಮಿನ್ನಿಗೂ ಮುಖ ತೊಳೆಯುದಕ್ಕೂ ಎಂತ ಸಂಬಂಧ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ.

ಮಲ್ನಾಡ್ ಫಿಸಿಯೋ
ಇದು ನನ್ನ ಫೇವರಿಟ್ ಟಾಪಿಕ್, ನಾನು ಉತ್ತರ ಕೊಡ್ತೀನಿ. ಇಷ್ಟೊತ್ತು ಮೇಲಿಂದ ಕೆಳಗೆ ಹೋಗೋ ಆರ್ಡರ್ ಬಗ್ಗೇನೇ ಮಾತಾಡಿದ್ವಿ, ಕೆಳಗಿಂದ ಮೇಲಕ್ಕೆ ಬರೋ ವರದಿ ಇಲ್ಲದಿದ್ರೆ ಆರ್ಡರ್ ಕುರುಡು. ಕಣ್ಣು ಮುಚ್ಚಿ ಮೂಗಿನ ತುದಿ ಮುಟ್ಟಿ ನೋಡಿ, ಮುಟ್ತೀರಿ. ಕೈ ಎಲ್ಲಿದೆ ಅಂತ ಕಣ್ಣಿಲ್ಲದೇ ಹೇಗೆ ಗೊತ್ತಾಯ್ತು? ಸ್ನಾಯು, ಕೀಲುಗಳಿಂದ ಪ್ರತಿ ಕ್ಷಣ ವರದಿ ಬರ್ತಿರುತ್ತೆ. ಕಾಲಿನ ವರದಿ ಬೆನ್ನುಹುರಿಯ ಹಿಂಭಾಗದ ದಾರಿಲಿ ಮೇಲೇರುತ್ತೆ, ಬಿ12 ಕಮ್ಮಿಯಾದ್ರೆ ಮೊದಲು ಕೆಡೋದರಲ್ಲಿ ಆ ದಾರಿ ಒಂದು. ಕಣ್ಣು ಬಿಟ್ಟಿದ್ದಾಗ ಕಣ್ಣೇ ನಿಭಾಯಿಸುತ್ತೆ. ಮುಖಕ್ಕೆ ನೀರು ಹಾಕ್ಕೊಂಡಾಗ ಕಣ್ಣು ಮುಚ್ಚಿದ್ರಲ್ಲ, ಅಲ್ಲಿಗೆ ಎರಡೂ ಹೋಯ್ತು, ಬಿದ್ರು. ಮಾಂಸ ಮೊಟ್ಟೆ ತಿನ್ನದ, ಹಾಲು ಮೊಸರೂ ಕಮ್ಮಿ ಇರೋ ವಯಸ್ಸಾದವರ ಮನೆಗಳಲ್ಲಿ ಇದನ್ನ ನೆನಪಲ್ಲಿಡಿ.

ಬ್ರಿಟನ್ನಿನ ಒಬ್ಬರಿಗೆ 1971ರಲ್ಲಿ, 19ನೇ ವಯಸ್ಸಲ್ಲಿ, ಜ್ವರ ಬಂದ ಮೇಲೆ ಕತ್ತಿನಿಂದ ಕೆಳಗೆ ಈ ವರದಿ ಪೂರ್ತಿ ನಿಂತೋಯ್ತು. ಸ್ನಾಯುಗಳಿಗೆ ಏನೂ ಆಗಿರ್ಲಿಲ್ಲ, ಆದ್ರೆ ಎದ್ದು ಕೂರೋಕೂ ಬರ್ಲಿಲ್ಲ, ಕೈ ತನ್ನಷ್ಟಕ್ಕೆ ತೇಲ್ತಿತ್ತು. ಕಣ್ಣಲ್ಲಿ ನೋಡ್ಕೊಂಡೇ ಪ್ರತಿ ಚಲನೆಯನ್ನ ಮತ್ತೆ ಕಲಿತು ತಿಂಗಳುಗಟ್ಟಲೆ ಆದ್ಮೇಲೆ ನಡೆದ್ರು. ಕರೆಂಟ್ ಹೋಗಿ ಕತ್ತಲಾದ್ರೆ ನಿಂತಲ್ಲೇ ಕುಸೀತಿದ್ರು. ನಮ್ಮೂರಲ್ಲಿ ಇದ್ದಿದ್ರೆ ಲೋಡ್ ಶೆಡ್ಡಿಂಗ್‌ಗೆ ಏನು ಗತಿ ಅಂತ ನಾನು ಓದಿದಾಗ ಅಂದ್ಕೊಂಡಿದ್ದೆ.

ಅರಳಿಕಟ್ಟೆ
ಅಪ್ಡೇಟ್ ಕೊಡೋಕೆ ಮುಂಚೆ ಒಂದು ಪ್ರಶ್ನೆ, ಅಮ್ಮ ಕೇಳು ಅಂದ್ರು. ಕೈ ನಡುಗೋಕೆ ಶುರುವಾಗೋಕೆ ಏಳೆಂಟು ವರ್ಷ ಮುಂಚಿಂದ ಅಪ್ಪ ನಿದ್ದೆಲಿ ಕೂಗಾಡ್ತಿದ್ರು, ಒಂದ್ಸಲ ಕನಸಲ್ಲಿ ಯಾರೋ ಟಿಕೆಟ್ ಇಲ್ದೆ ಹತ್ತಿದ ಅಂತ ಅಮ್ಮಂಗೇ ಒದ್ದಿದ್ರು. ನಾವೆಲ್ಲ ನಕ್ಕು ಸುಮ್ಮನಾಗಿದ್ವಿ. ಸಂಬಂಧ ಇದೆಯಾ?

ರಾತ್ರಿ ಡ್ಯೂಟಿ
ಇರೋ ಸಾಧ್ಯತೆ ಜಾಸ್ತಿ. ಕನಸು ಕಾಣೋ ನಿದ್ದೆಲಿ ಮೆದುಳು ಓಡ್ತೀನಿ ಒದೀತೀನಿ ಅಂತ ಆರ್ಡರ್ ಕೊಡ್ತಾನೇ ಇರುತ್ತೆ, ಆದ್ರೆ ಮೆದುಳಿನ ಕಾಂಡ ಬೆನ್ನುಹುರಿಯ ಡ್ರೈವರ್ ಕೋಶಗಳ ಬಾಯಿ ಮುಚ್ಚಿಸಿಡುತ್ತೆ, ಕಣ್ಣು ಮತ್ತು ಉಸಿರಾಟ ಬಿಟ್ಟು ಮೈಯೆಲ್ಲ ಹೆಚ್ಚುಕಮ್ಮಿ ಸಡಿಲ. ಆ ಬೀಗ ಸಡಿಲಾದ್ರೆ ಕನಸು ಕೈಕಾಲಿಗೆ ಇಳಿಯುತ್ತೆ. ಪಾರ್ಕಿನ್ಸನ್ ಬರೋರಲ್ಲಿ ಕೆಲವರಿಗೆ ಹತ್ತು ವರ್ಷಕ್ಕೂ ಮುಂಚೆ ಇದು ಕಾಣಿಸಿಕೊಳ್ಳುತ್ತೆ. ಆಗ ತೋರಿಸಿದ್ರೂ ಕಾಯಿಲೆ ತಡೆಯೋ ಮದ್ದು ಇಲ್ಲ, ಹಾಗಾಗಿ ಅಮ್ಮ ತಪ್ಪು ಅಂದ್ಕೋಬಾರ್ದು. ಈಗಲೂ ಒದೀತಿದ್ರೆ ಡಾಕ್ಟ್ರಿಗೆ ಹೇಳಿ, ಅದಕ್ಕೆ ಮಾತ್ರೆ ಇದೆ, ಮಂಚದ ಪಕ್ಕ ಗಾಜಿನ ಲೋಟ ಇಡ್ಬೇಡಿ.

ಬೆಣ್ಣೆದೋಸೆ
ಟೇಪ್ ಏನಾಯ್ತು ಹೇಳ್ರೀ ಮೊದ್ಲು.

ಅರಳಿಕಟ್ಟೆ
ಹೇಳ್ತೀನಿ ಹೇಳ್ತೀನಿ. ಹಳದಿ ಟೇಪ್ ತಂದು ಒಂದಡಿಗೊಂದು ಅಂಟಿಸ್ದೆ. ಮೊದಲ ದಿನ ಅಪ್ಪ ಗೆರೆ ಮೇಲೆ ಮೇಲೇ ಕಾಲು ಎಳ್ಕೊಂಡು ಹೋದ್ರು, ಬಾಗಿಲಲ್ಲಿ ಮತ್ತೆ ಸ್ಟಕ್. ಮೂರನೇ ದಿನಕ್ಕೆ ನೆಲ ಒರೆಸಿ ಒರೆಸಿ ಟೇಪ್ ಅಂಚು ಎದ್ದು ಬಂತು, ಎಡವಿದ್ರೆ ಕಷ್ಟ ಅಂತ ನಾನೇ ಕಿತ್ತುಹಾಕ್ದೆ. ಆಗ ಅಮ್ಮ ಏನೂ ಮಾತಾಡ್ದೆ ರಂಗೋಲಿ ಡಬ್ಬ ತಂದು ಅದೇ ಜಾಗದಲ್ಲಿ ಐದು ಗೆರೆ ಎಳೆದ್ರು, ಗೆರೆ ಮಧ್ಯ ಒಂದೊಂದು ಚಿಕ್ಕ ಹೂವು. ಅಪ್ಪ ಬಂದ್ರು, ನೋಡಿದ್ರು, ಎತ್ತಿ ಎತ್ತಿ ಕಾಲಿಟ್ಟು ದಾಟ್ಕೊಂಡು ಬಚ್ಚಲು ಸೇರಿದ್ರು! ಏನು ಮಾಡಿದ್ರಿ ಅಂತ ಕೇಳಿದ್ರೆ "ರಂಗೋಲಿ ತುಳೀಬಾರ್ದಲ್ವೇನೋ" ಅಂದ್ರು.

ಹತ್ತು ಸಲದಲ್ಲಿ ಏಳೆಂಟು ಸಲ ಕೆಲಸ ಮಾಡ್ತಿದೆ. ಹೊರಗೆ ಬರೋವಾಗ ಒದ್ದೆ ಕಾಲಿಗೆ ಅಳಿಸಿಹೋಗುತ್ತೆ, ಅಮ್ಮ ದಿನಕ್ಕೆ ಎರಡು ಸಲ ಬಗ್ಗಿ ಎಳೀಬೇಕು, ಅವರಿಗೂ ಸೊಂಟನೋವು. ರಾತ್ರಿ ನಿದ್ದೆಗಣ್ಣಲ್ಲಿ ಎದ್ದಾಗ ಇದೂ ಆಗಲ್ಲ.

ಮಲ್ನಾಡ್ ಫಿಸಿಯೋ
ಇಷ್ಟು ವರ್ಷದ ಪ್ರಾಕ್ಟೀಸಲ್ಲಿ ನಂಗೆ ಇದು ಹೊಳೆದಿರ್ಲಿಲ್ಲ. ಟೇಪ್ ಮೇಲೆ ಕಾಲಿಡಬಹುದು, ರಂಗೋಲಿ ಮೇಲೆ ಇಡೋಕೆ ಮನಸ್ಸು ಬರಲ್ಲ, ಹಾಗಾಗಿ ಪ್ರತಿ ಹೆಜ್ಜೆನೂ ಎತ್ತಿ ಇಡಲೇಬೇಕು. ನಿಮ್ಮಮ್ಮಂಗೆ ನನ್ನ ನಮಸ್ಕಾರ ಹೇಳಿ, ನಾನು ಇದನ್ನ ನನ್ನ ಪೇಷಂಟುಗಳಿಗೆ ಕದೀತೀನಿ. ಆದ್ರೆ ಪುಡಿ ಬೇಡ, ಒದ್ದೆ ಆದ್ರೆ ಜಾರುತ್ತೆ. ಅದೇ ಡಿಸೈನ್‌ನ ಬಿಳಿ ಪೇಂಟಲ್ಲಿ ಬರೆಸಿಬಿಡಿ. ರಾತ್ರಿಗೆ ಬಚ್ಚಲ ದಾರಿಲಿ ಸಣ್ಣ ಲೈಟ್ ಇರ್ಲಿ, ಆಗ್ಲೂ ಸಿಕ್ಕಿಕೊಂಡ್ರೆ ಶಬ್ದ ಟ್ರೈ ಮಾಡಿ. ಕಣ್ಣಿನ ಹಾಗೆ ಕಿವಿನೂ ಇನ್ನೊಂದು ದಾರಿ, ತಾಳಕ್ಕೆ ಸರಿಯಾಗಿ ಒಂದು ಎರಡು ಅಂತ ಎಣಿಸೋದು, ಚಪ್ಪಾಳೆ. ನಿಮ್ಮ ಮನೆಲಿ ಏನು ಹೇಳ್ಬೇಕು ಅಂತ ನಾನು ಹೇಳೋದೇ ಬೇಡ.

ಅರಳಿಕಟ್ಟೆ
ಹೇಳೋದೇ ಬೇಕಾಗಿರ್ಲಿಲ್ಲ ಸಾರ್, ಅಮ್ಮ ಆಗ್ಲೇ ಶುರು ಮಾಡಿದ್ರು. ಸಿಕ್ಕಿಕೊಂಡ ತಕ್ಷಣ ಅಡುಗೆಮನೆಯಿಂದ "ರೈಟ್ ರೈಟ್" ಅಂತಾರೆ, ಅಪ್ಪ ಹೊರಡ್ತಾರೆ, ಪ್ರತಿ ಸಲ ಅಲ್ಲ, ಆದ್ರೆ ನಂಬೋಕಾಗದಷ್ಟು ಸಲ. ಪೇಂಟ್ ಭಾನುವಾರ.

ನಿನ್ನೆ ಪಕ್ಕದ್ಮನೆ ಹುಡುಗ ಇದನ್ನೆಲ್ಲ ನೋಡಿ ಅವನ ಸ್ಪೋರ್ಟ್ಸ್ ಡೇ ಸೀಟಿ ತಂದು, ಅಪ್ಪ ಬಾಗಿಲ ಹತ್ರ ಚೆನ್ನಾಗೇ ನಡೀತಿರೋವಾಗ ಜೋರಾಗಿ ಒಂದು ಸಲ ಊದಿದ. ಅಪ್ಪ ಬೇಕಂತಲೇ ನಿಂತ್ರು. ನಾವು ಗಾಬರಿಯಾಗಿ ಓಡಿ ಬಂದ್ರೆ, ಆ ಹುಡುಗಂಗೆ ಹೇಳ್ತಿದ್ರು, "ಒಂದು ಅಂದ್ರೆ ಸ್ಟಾಪ್ ಕಣೋ. ಎರಡು ಊದು."